ಐದು ಸ್ವರ, ಒಂದು ಕೆಮ್ಮು

ಜೂನ್ 3, ಸೋಮವಾರ

ತಪ್ಪೆಲ್ಲ ಹೊಸ ಟ್ಯೂಬ್‌ಲೈಟಿನದು. ಹಳೆಯದು ಮಿಣುಕುತ್ತಿದ್ದರೂ ಅದರ ಕೆಳಗೆ ಅಕ್ಷರ ಅಕ್ಷರದ ಹಾಗೆ ಕಾಣುತ್ತಿತ್ತು. ಇದು ಬೆಳಕನ್ನು ಹಾಲು ಚೆಲ್ಲಿದ ಹಾಗೆ ಚೆಲ್ಲುತ್ತದೆ, ಪುಟದ ಮೇಲೆಲ್ಲ ಬೆಳ್ಳಗೆ ಮಂಕು. ಮುದ್ರಣಾಲಯದ ಯಜಮಾನರಿಗೆ ಹೇಳಿದೆ. "ಎಲ್ರಿಗೂ ಸರಿಯಾಗೇ ಕಾಣ್ತಿದೆಯಲ್ಲಮ್ಮ" ಎಂದರು. ಎಲ್ಲರಿಗೂ ಕಾಣುವುದಕ್ಕೂ ನನಗೆ ಕಾಣುವುದಕ್ಕೂ ವ್ಯತ್ಯಾಸ ಇರುವುದರಿಂದಲೇ ಅಲ್ಲವೇ, ಇಪ್ಪತ್ತಾರು ವರ್ಷದಿಂದ ಈ ಮುದ್ರಣಾಲಯದಲ್ಲಿ ಪ್ರೂಫು ನೋಡಲು ನನ್ನನ್ನು ಇಟ್ಟುಕೊಂಡಿರುವುದು? ಹದ್ದಿನ ಕಣ್ಣಮ್ಮ ಎಂದು ನನಗೆ ಹೆಸರಿಟ್ಟವರೇ ಇವರು.

ಡೈರಿ ಬರೆಯುವ ಅಭ್ಯಾಸ ನನಗಿಲ್ಲ. ಹೇಳಿಕೊಳ್ಳಲು ಯಾರೂ ಇಲ್ಲದೆ ಹೊಟ್ಟೆಯುಬ್ಬರಿಸಿ ಸಾಯುವುದಕ್ಕಿಂತ ಇದೇ ವಾಸಿ ಎಂದು ಹಳೆಯ ನೋಟ್‌ಬುಕ್ಕೊಂದನ್ನು ಎಳೆದುಕೊಂಡಿದ್ದೇನೆ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು, ಹೀಗಾಗಿದೆ ಈಚೆಗೆ.

ಇಂದು ಹೊಸ ಪುಸ್ತಕ ಬಂತು. ಇಂಗ್ಲಿಷಿನ ಉದ್ದುದ್ದ ಪದಗಳು, ಅವುಗಳ ಕನ್ನಡ ಅರ್ಥ. ಬರೆದವರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಯಜಮಾನರು ನಮ್ಮಿಬ್ಬರನ್ನೂ ಕೋಣೆಗೆ ಕರೆದು ನಿಲ್ಲಿಸಿಕೊಂಡರು. "ಈಗ ತಪ್ಪು ಹಿಡಿಯೋಕೆ ಕಂಪ್ಯೂಟರೇ ಇದೆ. ಆದ್ರೂ ನೀವಿಬ್ರೇ ಓದ್ಬೇಕು ಅಂತ ಮೇಷ್ಟ್ರು ಹಟ ಹಿಡಿದಿದಾರೆ. ಪುಸ್ತಕ ತಪ್ಪಿಲ್ದೆ ಹೊರಗೆ ಬಂದ್ರೆ ನಿಮ್ಮಿಬ್ರ ಕೆಲ್ಸಾನೂ ಇರತ್ತೆ. ಇಲ್ದಿದ್ರೆ ಆಮೇಲೆ ನನ್ನನ್ನ ದೂರಬೇಡಿ" ಎಂದರು. ಎರಡು ತಿಂಗಳ ಗಡುವು.

ಇಬ್ಬರು ಎಂದರೆ ನಾನು ಮತ್ತು ಕೆಳಗಿನವಳು. ಕೆಳಗಿನವಳು ನನ್ನ ಒಡಹುಟ್ಟಿದವಳು, ನನಗಿಂತ ಆರು ವರ್ಷ ಚಿಕ್ಕವಳು. ಅಮ್ಮನ ಮನೆಯಲ್ಲಿ ಮಹಡಿಯ ಮೇಲೆ ನಾನಿದ್ದೇನೆ, ಕೆಳಗೆ ಅವಳೂ ಅವಳ ಗಂಡನೂ ಇದ್ದಾರೆ. ಮನೆ ಒಂದು, ಒಲೆ ಎರಡು. ಹೋದ ಜುಲೈಯಲ್ಲಿ ಅಮ್ಮ ತೀರಿಕೊಂಡ ದಿನದಿಂದ ಅವಳ ಜೊತೆ ನನಗೆ ಮಾತಿಲ್ಲ. ಅಮ್ಮನ ಉಸಿರು ಹೋಗುವ ಹೊತ್ತಿನಲ್ಲಿ ನನಗೆ ಹೇಳಿಕಳಿಸಲಿಲ್ಲ. ಹೆತ್ತವಳ ಮುಖ ನೋಡುವ ಭಾಗ್ಯ ತಪ್ಪಿಸಿದವಳನ್ನು ತಂಗಿ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ.

ಮಾತಿಲ್ಲದವರು ದಿನವಿಡೀ ಎದುರುಬದುರು ಕೂತು ಮಾತಾಡಬೇಕಾದ ಕರ್ಮ ನಮ್ಮದು. ಅವಳು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಾಳೆ, ಒಂದೊಂದೇ ಅಕ್ಷರ, ಕಾಮಾ, ಚುಕ್ಕೆ ಸಮೇತ. ನಾನು ಪ್ರೂಫಿನ ಮೇಲೆ ಕಣ್ಣಿಟ್ಟು ಕೇಳುತ್ತೇನೆ. ತಪ್ಪು ಸಿಕ್ಕಲ್ಲಿ ಕೆಂಪು ಪೆನ್ನು. ಸಾಲು ಮುಗಿದರೆ ನಾನು "ಮುಂದೆ" ಎನ್ನುತ್ತೇನೆ. ಹನ್ನೊಂದು ತಿಂಗಳಿಂದ ಅವಳಿಗೆ ನಾನು ಆಡಿರುವ ಮಾತು ಅದೊಂದೇ.

ಜೂನ್ 5, ಬುಧವಾರ

ಮೇಷ್ಟ್ರು ಬಂದಿದ್ದರು. ಗುಬ್ಬಚ್ಚಿಯಂಥ ಮನುಷ್ಯ, ಜೇಬಿನ ತುಂಬ ಚೀಟಿ. ಹದಿನೆಂಟು ವರ್ಷ ಕೂಡಿಹಾಕಿದ ಪದಗಳಂತೆ. ಅವರ ನಿಯಮ ಎರಡು. ಪದದಲ್ಲಿ ಹತ್ತಕ್ಕಿಂತ ಕಡಿಮೆ ಅಕ್ಷರ ಇರಬಾರದು, ಮತ್ತು ಇಂಗ್ಲಿಷಿನ ಐದೂ ಸ್ವರಗಳು, ಎ ಇ ಐ ಓ ಯು, ಅದರೊಳಗೆ ಇರಲೇಬೇಕು.

"ಐದೇನಾ ಸರ್ ಅವರಿಗಿರೋದು? ನಮ್ಗೆ ಹದಿಮೂರಿದೆ" ಎಂದೆ.

"ಅದಕ್ಕೇ ಅಮ್ಮ, ಬಡವರ ಮನೆ ಪಾತ್ರೆ ಥರ ಎಲ್ಲಾದಕ್ಕೂ ಅವನ್ನೇ ಬಳಸ್ತಾರೆ" ಎಂದು ನಕ್ಕರು. "ನೋಡಿ, ಆಬ್‌ಸ್ಟೀಮಿಯಸ್. ಐದೂ ಸ್ವರ ಸಾಲಾಗಿ, ವರಸೆ ತಪ್ಪದೆ ಬರುತ್ವೆ. ಅರ್ಥ, ಊಟದಲ್ಲೂ ಕುಡಿತದಲ್ಲೂ ಹಿತಮಿತವಾಗಿರೋನು. ಅನ್‌ಕಾಂಪ್ಲಿಮೆಂಟರಿಯಲ್ಲಿ ಹಿಂದುಮುಂದು, ಕೊನೇದು ಮೊದಲು. ಹೊಗಳಿಕೆಯಲ್ಲದ್ದು, ಅಂದ್ರೆ ಚುಚ್ಚುಮಾತು."

ಎರಡನೆಯದರಲ್ಲಿ ನಾನು ಪಂಡಿತೆ ಎಂದು ಕೆಳಗಿನವಳು ಮನಸ್ಸಿನಲ್ಲೇ ಅಂದುಕೊಂಡಿರುತ್ತಾಳೆ. ತುಟಿಯಂಚು ಅಲುಗಿತೇನೋ ಅನ್ನಿಸಿತು, ಆ ಬೆಳಕಿನಲ್ಲಿ ಸರಿಯಾಗಿ ಕಾಣಲಿಲ್ಲ.

ಕಾಲಿಫ್ಲವರ್‌ನಲ್ಲೂ ಐದು ಸ್ವರ ಇವೆಯಂತೆ. ಮೂವತ್ತು ವರ್ಷದಿಂದ ಹೂಕೋಸು ಹೆಚ್ಚುತ್ತಿದ್ದೇನೆ, ಒಂದು ದಿನವಾದರೂ ಬಾಯಿಬಿಟ್ಟು ಹೇಳಿತೇ ಅದು!

ಮೊದಲ ಹದಿನಾರು ಪುಟದ ಫಾರಂ ಮುಗಿಸಿದೆವು. ಪ್ರೂಫಿನ ಶಾಯಿ ನೀರುನೀರು. ಮಷಿನಿನವನಿಗೆ ಬೈದೆ. ಅವನು ಕರ್ರಗೆ ಹೊಡೆದ ಇನ್ನೊಂದು ಪ್ರತಿ ತಂದ, ಅದೂ ಅಷ್ಟರಲ್ಲೇ ಇತ್ತು. ಕಾಟಾಚಾರದ ಕೆಲಸ ಎಲ್ಲರದೂ.

ಮತ್ತೆ, ಕೆಳಗಿನವಳಿಗೆ ಕೆಮ್ಮು ಹತ್ತಿಕೊಂಡಿದೆ.

ಜೂನ್ 11, ಮಂಗಳವಾರ

ಆ ಕೆಮ್ಮು ನನ್ನ ಪ್ರಾಣ ತಿನ್ನುತ್ತಿದೆ. ಓದುತ್ತ ಓದುತ್ತ ಸಾಲಿನ ನಡುವೆ ಖೊಕ್ ಎನ್ನುತ್ತಾಳೆ. ನನ್ನ ಗಮನ ತಪ್ಪುತ್ತದೆ, ಹಿಂದಿನ ಪದಕ್ಕೆ ಮರಳಿ ಹೋಗಬೇಕಾಗುತ್ತದೆ, ಹೋದರೆ ಅಲ್ಲೇ ಒಂದು ತಪ್ಪು ಕೂತಿರುತ್ತದೆ. ನನ್ನ ಅದೃಷ್ಟ ದೊಡ್ಡದು. ಇಂದು ಒಂದೇ ದಿನ ಒಂಬತ್ತು ತಪ್ಪು ಹಿಡಿದೆ. ಯಜಮಾನರು ಹಾಳೆ ನೋಡಿ "ಮುದ್ರಾರಾಕ್ಷಸನಿಗೆ ನಿಮ್ಮನ್ನ ಕಂಡ್ರೆ ಭಯ ಬಿಡಿ" ಎಂದರು. ಕೆಳಗಿನವಳು ತಲೆ ತಗ್ಗಿಸಿ ಹಸ್ತಪ್ರತಿ ಜೋಡಿಸುತ್ತಿದ್ದಳು. ಹೊಟ್ಟೆಕಿಚ್ಚಿಗೆ ಮದ್ದುಂಟೇ?

ಈಚೆಗೆ ನನಗಿಂತ ಒಂದು ಗಂಟೆ ಮೊದಲೇ ಮನೆ ಬಿಡುತ್ತಾಳೆ. ಬೆಳಗ್ಗೆ ಏಳೂವರೆಗೆ ಗೇಟಿನ ಸದ್ದಾಗುತ್ತದೆ. ಒಂಬತ್ತಕ್ಕೆ ಶುರುವಾಗುವ ಕೆಲಸಕ್ಕೆ ಏಳೂವರೆಗೆ ಓಡುವುದೆಂದರೆ ಯಜಮಾನರ ಕಣ್ಣಲ್ಲಿ ಒಳ್ಳೆಯವಳಾಗಲು, ಮತ್ತೇನಿಲ್ಲ. ನಾಳೆ ಒಬ್ಬರನ್ನೇ ಉಳಿಸಿಕೊಳ್ಳುವ ಮಾತು ಬಂದರೆ ಇರಲಿ ಎಂದು ಈಗಲೇ ಬೀಜ ಬಿತ್ತುತ್ತಿದ್ದಾಳೆ.

ಕಾನ್‌ಸ್ಯಾಂಗ್ವಿನಿಯಸ್ ಎಂಬ ಪದ ಬಂತು. ಹದಿನಾಲ್ಕು ಅಕ್ಷರ. ಒಂದೊಂದಾಗಿ ಹೇಳಿ "ರಕ್ತಸಂಬಂಧವುಳ್ಳ, ಚುಕ್ಕೆ" ಎಂದಳು. ಅಷ್ಟೇ, ಟೊಮೇಟೊ ಅಂದ ಹಾಗೆ.

"ಮುಂದೆ" ಎಂದೆ ನಾನೂ.

ಜೂನ್ 14, ಶುಕ್ರವಾರ

ಬಸ್ಸಿನ ನಂಬರು ಬರೆಯುವವರಿಗೆ ಬುದ್ಧಿ ಬೇಡವೇ? ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಗೊತ್ತಾಗದ ಹಾಗೆ ಬರೆದರೆ ಯಾವ ಬಸ್ಸು ಹತ್ತುವುದು? ಎಲ್ಲೋ ಇಳಿದು, ಯಾರನ್ನೋ ಕೇಳಿ, ನಡೆದು ಬರುವಷ್ಟರಲ್ಲಿ ಒಂಬತ್ತೂ ಮುಕ್ಕಾಲು. ಕೆಳಗಿನವಳು ನನ್ನ ಕುರ್ಚಿಯ ಮೇಲೆ ಕೂತು ನನ್ನ ಪ್ರೂಫು ಹಿಡಿದಿದ್ದಳು. ನನ್ನನ್ನು ಕಂಡ ಕೂಡಲೇ ಎದ್ದಳು.

ಕುರ್ಚಿಯ ಮೇಲೂ ಕಣ್ಣು ಬಿತ್ತೇ!

ಜೂನ್ 20, ಗುರುವಾರ

ಕೆಳಗಿನವಳ ಗಂಡ ಗಡಿಯಾರ ರಿಪೇರಿ ಮಾಡುತ್ತಾನೆ, ಮುಂಬಾಗಿಲ ಪಕ್ಕದ ಕೋಣೆಯೇ ಅವನ ಅಂಗಡಿ. ಬಾಯಿ ಸುಮ್ಮನಿರದ ಪ್ರಾಣಿ. ನಾವಿಬ್ಬರೂ ಮಾತು ಬಿಟ್ಟಿದ್ದರಿಂದ ಅತ್ತಿತ್ತ ಸುದ್ದಿ ಸಾಗಿಸುವ ಕೆಲಸ ಅವನಿಗೆ ಬಿದ್ದಿದೆ.

"ಅಕ್ಕಾ, ನೀರಿನ ಟ್ಯಾಂಕು ತೊಳೆಸ್ಬೇಕಂತೆ, ನಿಮ್ಮನ್ನ ಕೇಳ್ಬೇಕಂತೆ."

"ತೊಳೆಸ್ಲಿ ಅಂತ ಹೇಳು."

"ನೀವೇ ಒಂದ್ಸಲ ಹೇಳಬಾರ್ದಾ? ಹತ್ತು ಮೆಟ್ಟಿಲು. ನಂಗೆ ಮಂಡಿ ನೋವು."

"ಹತ್ತು ಮೆಟ್ಟಿಲು ಅವಳಿಗೂ ಅಷ್ಟೇ ಇದೆ" ಎಂದೆ. ಅವನು ಹುಬ್ಬೇರಿಸಿ ಗಡಿಯಾರಕ್ಕೆ ಬಗ್ಗಿದ.

ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಗಾಜೊಂದಿದೆ. ಅದನ್ನು ಎರಡು ದಿನಕ್ಕೆ ಕೊಡು ಎಂದು ಕೇಳಿದೆ. ಅಕ್ಷರದ ಅಚ್ಚು ಕೆಟ್ಟು ಹೋಗಿದೆ, ಯಜಮಾನರಿಗೆ ಸಾಬೀತು ಮಾಡಬೇಕು ಎಂದೆ. ಕೊಟ್ಟ. ಕೊಡುವಾಗ ನನ್ನ ಮುಖವನ್ನೇ ನೋಡುತ್ತಿದ್ದ. "ಅಕ್ಕಾ, ಕಣ್ಣಿಗೆ ಒಂದ್ಸಲ..." ಎಂದು ಶುರು ಮಾಡಿದ. "ನನ್ನ ಕಣ್ಣಿಗೇನು ಬಂತು ರೋಗ! ನಿನ್ನ ಮಂಡಿ ನೋಡಿಕೊ" ಎಂದೆ.

ಅವನ ಗಾಜಿನಲ್ಲಿ ನೋಡಿದರೆ ಮಂಕೇ ದೊಡ್ಡದಾಗಿ ಕಾಣುತ್ತದೆ. ಅವನ ಗಾಜೂ ಸರಿಯಿಲ್ಲ.

ಇ ಅಕ್ಷರ ನಡೆಯುತ್ತಿದೆ. ಎನ್‌ಕರೇಜಿಂಗ್, ಹುರಿದುಂಬಿಸುವ. ಈಕ್ವಿವೊಕೇಷನ್, ನೇರವಾಗಿ ಹೇಳದೆ ಜಾರಿಕೊಳ್ಳುವ ಮಾತು. ಎಗ್ಸಾಷ್ಚನ್, ಸುಸ್ತು. ಮೂರನೆಯದು ಹಸ್ತಪ್ರತಿಯಲ್ಲಷ್ಟೇ ಅಲ್ಲ, ನನ್ನಲ್ಲೂ ಇದೆ. ತಲೆ ಸಿಡಿಯುತ್ತದೆ. ಅವಳು ಹನ್ನೊಂದು ಸಲ ಕೆಮ್ಮಿದಳು, ಎಣಿಸಿದೆ. ನಾನು ಹನ್ನೊಂದು ತಪ್ಪು ಹಿಡಿದೆ.

ಜೂನ್ 27, ಗುರುವಾರ

ನಿನ್ನೆ ಮೆಟ್ಟಿಲಲ್ಲಿ ಕಾಲು ಜಾರಿ ಕೂತುಬಿಟ್ಟೆ. ಕೊನೆಯ ಮೆಟ್ಟಿಲು ಮುಗಿಯಿತು ಅಂದುಕೊಂಡರೆ ಇನ್ನೊಂದಿತ್ತು. ಐವತ್ತೆಂಟು ವರ್ಷದಿಂದ ಹತ್ತಿ ಇಳಿದ ಮೆಟ್ಟಿಲು.

ಇಂದು ಸಂಜೆ ಬಂದು ನೋಡುತ್ತೇನೆ, ಪ್ರತಿ ಮೆಟ್ಟಿಲ ಅಂಚಿಗೂ ನಾಲ್ಕು ಬೆರಳು ಅಗಲ ಬಿಳಿ ಬಣ್ಣ ಬಳಿದಿದ್ದಾರೆ. ಅಮ್ಮ ಉಜ್ಜಿ ಉಜ್ಜಿ ಹೊಳೆಸಿದ್ದ ಕಲ್ಲು! ಯಾರನ್ನು ಕೇಳಿ ಬಳಿದಿರಿ ಎಂದು ಗಡಿಯಾರದವನಿಗೆ ಬೈದೆ. "ನಂಗೇ ಕಾಣ್ತಿರ್ಲಿಲ್ಲ ಅಕ್ಕಾ, ಅದಕ್ಕೇ" ಎಂದ. ಕೈಗಡಿಯಾರದ ಒಳಗಿನ ಸಾಸಿವೆಕಾಳಿನಷ್ಟು ಸ್ಕ್ರೂ ಕಾಣುತ್ತದೆ ಇವನಿಗೆ, ಮೆಟ್ಟಿಲು ಕಾಣುವುದಿಲ್ಲವಂತೆ.

ಇಳಿಯಲು ಸುಲಭವಾಯಿತು ಅನ್ನುವುದು ಬೇರೆ ಮಾತು.

ಜುಲೈ 4, ಗುರುವಾರ

ಕೆಳಗಿನವಳು ಇಂದು ಬರಲಿಲ್ಲ. ನಿಜವಾಗಿಯೂ ಜ್ವರವಂತೆ. ಮೇಷ್ಟ್ರೇ ಬಂದು ಹಸ್ತಪ್ರತಿ ಓದಿದರು. ಆಹಾ, ಏನು ನೆಮ್ಮದಿ! ಕೆಮ್ಮಿಲ್ಲ, ತಡವರಿಕೆಯಿಲ್ಲ. ಪಿ ಅಕ್ಷರದಿಂದ ಆರ್‌ವರೆಗೆ ಒಂದೇ ಉಸಿರಿಗೆ ಸಾಗಿದೆವು. ಪರ್ಟಿನೇಷಿಯಸ್, ಹಿಡಿದ ಹಟ ಬಿಡದ. ಪರ್ಟರ್ಬೇಷನ್, ಮನಸ್ಸಿನ ಕಳವಳ. ಒಂದು ಫಾರಮ್ಮಿಗೆ ಎರಡೇ ತಪ್ಪು ಸಿಕ್ಕವು.

ಇಷ್ಟು ದಿನ ನನ್ನ ಕೆಲಸ ಕೆಡಿಸುತ್ತಿದ್ದವರು ಯಾರೆಂದು ಈಗ ಗೊತ್ತಾಯಿತಲ್ಲ ಎಂದುಕೊಂಡು ಮನೆಗೆ ಬಂದೆ.

ಬರುವಾಗ ಕೆಳಗಿನ ಬಾಗಿಲು ತೆರೆದಿತ್ತು. ಯಾರೋ ನರಳಿದ ಸದ್ದು. ಎರಡು ನಿಮಿಷ ನಿಂತೆ. ಚಪ್ಪಲಿ ಬಿಡಲು ನಿಂತದ್ದು.

ಜುಲೈ 6, ಶನಿವಾರ



ಮೇಷ್ಟ್ರು ಗುರುವಾರದ ಫಾರಂ ಮನೆಗೆ ಒಯ್ದು ತಮ್ಮ ಖುಷಿಗೆ ಓದಿದ್ದಾರೆ. ಇಂದು ಬಂದು ಯಜಮಾನರ ಮೇಜಿನ ಮೇಲೆ ಹಾಳೆ ಹರಡಿದರು. ಪಿ ಮುಗಿದು ಆರ್ ಶುರುವಾಗುವ ಪುಟದಲ್ಲಿ ಅರ್ಥಗಳೆಲ್ಲ ಒಂದೊಂದು ಸಾಲು ಕೆಳಗೆ ಜಾರಿವೆ. ಪರ್ಟರ್ಬೇಷನ್ ಎದುರು "ಹಿಡಿದ ಹಟ ಬಿಡದ". ಪ್ರಿಕಾಷನ್ ಎದುರು "ಮನಸ್ಸಿನ ಕಳವಳ". ರೆಪ್ಯುಟೇಷನ್ ಎದುರು "ಮುನ್ನೆಚ್ಚರಿಕೆ". ಇಡೀ ಪುಟ ನನ್ನ ಕಣ್ಣ ಮುಂದೆ ಹಾದುಹೋಗಿದೆ, ನಾನು ಸಾಲು ಸಾಲಿಗೂ "ಮುಂದೆ, ಮುಂದೆ" ಎಂದಿದ್ದೇನೆ. ಬಿಡಿ ತಪ್ಪುಗಳು ಬೇರೆ, ಹದಿನಾಲ್ಕು.

"ಏನಮ್ಮ ಇದು? ಮಗು ಕೂಡ ಹಿಡಿಯತ್ತೆ" ಎಂದರು ಯಜಮಾನರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದರು.

ಮೇಷ್ಟ್ರೇ ನಡುವೆ ಬಂದು "ನಾನೇ ವೇಗವಾಗಿ ಓದ್ಬಿಟ್ಟೆ, ನಂದೇ ತಪ್ಪು" ಎಂದರು. ಆ ಕರುಣೆ ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಯಜಮಾನರು ಸೋಮವಾರ ಕೂತು ಮಾತಾಡೋಣ ಎಂದಿದ್ದಾರೆ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಜೂನ್ ತಿಂಗಳೆಲ್ಲ ಅದೇ ಟ್ಯೂಬ್‌ಲೈಟು, ಅದೇ ಶಾಯಿ, ಅದೇ ನಾನು. ಒಂದು ತಪ್ಪೂ ದಾಟಿರಲಿಲ್ಲ. ಗುರುವಾರ ಯಾವುದು ಇರಲಿಲ್ಲ?

ಕೆಮ್ಮು ಇರಲಿಲ್ಲ.

ಜುಲೈ 8, ಸೋಮವಾರ

ಬೆಳಗ್ಗೆ ಗೇಟಿನ ಸದ್ದಾದ ಕೂಡಲೇ ನಾನೂ ಹೊರಟೆ. ಜ್ವರ ಬಿಟ್ಟು ಒಂದು ದಿನವೂ ಆಗಿಲ್ಲ, ಅವಳು ಶಾಲು ಹೊದ್ದು ಮುಂದೆ ನಡೆಯುತ್ತಿದ್ದಳು. ನಾನು ಹಿಂದೆ, ಬಸ್ಸಿನಲ್ಲೂ ಇಳಿದ ಮೇಲೂ ಅವಳ ಹಳದಿ ಶಾಲನ್ನೇ ಗುರಿ ಮಾಡಿಕೊಂಡು. ಮುಖ ಗುರುತು ಸಿಗದಿದ್ದರೂ ಬಣ್ಣ ಗೊತ್ತಾಗುತ್ತದೆ. ಇದನ್ನು ಬರೆಯುವಾಗಲೇ ನನಗೆ ತಿಳಿಯುತ್ತಿದೆ, ಎಷ್ಟು ದಿನದಿಂದ ನಾನು ಜನರನ್ನು ಬಟ್ಟೆಯ ಬಣ್ಣದಿಂದ ಗುರುತಿಸುತ್ತಿದ್ದೇನೆ ಎಂದು.

ಓದುವ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ನನ್ನ ಕುರ್ಚಿಯಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ನನ್ನ ಪ್ರೂಫು, ಇನ್ನೊಂದರ ಕೆಳಗೆ ಹಸ್ತಪ್ರತಿ. ತನಗೆ ತಾನೇ ಓದಿಕೊಳ್ಳುತ್ತ, ಆಗಾಗ ನಿಂತು ಹಸ್ತಪ್ರತಿಯ ಅಂಚಿಗೆ ಪೆನ್ಸಿಲನ್ನು ಟಕ್ ಎಂದು ತಾಗಿಸುತ್ತಿದ್ದಳು, ತಪ್ಪು ಸಿಕ್ಕಲ್ಲೊಂದು ಚುಕ್ಕೆ. ಆ ಚುಕ್ಕೆಯಿದ್ದಲ್ಲಿ ಒಂಬತ್ತು ಗಂಟೆಯ ನಂತರ ಕೆಮ್ಮಬೇಕು.

ಅರ್ಧ ಗಂಟೆ ಬಾಗಿಲ ಹೊರಗೆ ನಿಂತೆ. ಒಂದು ಸಲವೂ ಕೆಮ್ಮಲಿಲ್ಲ.

ಹೊರಗೆ ಬಂದು ಬೀದಿಯ ಕೊನೆಯವರೆಗೆ ನಡೆದು, ಮತ್ತೆ ವಾಪಸು ನಡೆದು, ಹೀಗೆ ಮೂರು ಸಲ ಮಾಡಿ ಒಂಬತ್ತಕ್ಕೆ ಒಳಗೆ ಹೋದೆ. ಅವಳು ತನ್ನ ಜಾಗದಲ್ಲಿದ್ದಳು. ಓದಿದಳು. ಕೆಮ್ಮಿದಳು. ನಾನು ಕೆಂಪು ಗೆರೆ ಎಳೆದೆ. ಮೊದಲ ಸಲ ತಪ್ಪು ನೋಡಿ ಎಳೆದದ್ದಲ್ಲ, ಕೆಮ್ಮು ಕೇಳಿ ಎಳೆದೆ. ಎಲ್ಲಿ ಎಳೆದೆನೋ.

ಯಜಮಾನರು ಕರೆದರು. ಉಳಿದಿರುವುದು ಮೂರು ಫಾರಂ, ಅವು ಶುದ್ಧವಾಗಿ ಬಂದರೆ ಶನಿವಾರದ್ದು ಮರೆತುಬಿಡುತ್ತೇನೆ ಎಂದರು. ಅಷ್ಟು ದೊಡ್ಡ ಮನಸ್ಸು ಮಾಡಿದ್ದಕ್ಕೆ ನನಗೆ ಸಂತೋಷವಾಗಬೇಕಿತ್ತು.

ಇನ್ನೊಂದು ವಿಷಯ ಬರೆಯಬೇಕು. ಈ ನೋಟ್‌ಬುಕ್ಕಿನಲ್ಲೂ ನಾನು ಅದನ್ನು ಜಾರಿಸುತ್ತ ಬಂದಿದ್ದೇನೆ. ಹೋದ ವರ್ಷ ಕಾನೂನಿನ ದೊಡ್ಡ ಪುಸ್ತಕವೊಂದರ ಕೊನೆಯ ವಾರ. ಅಮ್ಮನಿಗೆ ಹುಷಾರಿಲ್ಲ ಎಂದು ಅವಳು ರಜೆ ಹಾಕಿ ಮನೆಯಲ್ಲಿದ್ದಳು. ದಿನಕ್ಕೆರಡು ಸಲ ಗಂಡನನ್ನು ಮುದ್ರಣಾಲಯಕ್ಕೆ ಕಳಿಸುತ್ತಿದ್ದಳು, ಅಮ್ಮ ಊಟ ಬಿಟ್ಟಳು, ಅಮ್ಮ ನಿನ್ನನ್ನು ಕೇಳಿದಳು ಎಂದು. ನನಗೆ ರೇಗಿತು. ಬೆಳಗ್ಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕೂಗಿದೆ: "ಪ್ರಾಣ ಹೋಗೋ ಹಾಗಿದ್ರೂ ಸರಿ, ಪುಸ್ತಕ ಮುಗಿಯೋ ತನಕ ನನ್ನನ್ನ ಕರೀಬೇಡ!"

ಅಮ್ಮ ಹೋದದ್ದು ಅದರ ಮರುದಿನ.

ಜುಲೈ 9, ಮಂಗಳವಾರ

ಇಂದಿಗೆ ಒಂದು ವರ್ಷ.

ಯು ಅಕ್ಷರ. ಅನ್‌ಫರ್ಗಿವಬಲ್. ಅವಳು ಹನ್ನೆರಡು ಅಕ್ಷರವನ್ನೂ ಬಿಡಿಬಿಡಿಯಾಗಿ ಹೇಳಿದಳು. "ಕ್ಷಮಿಸಲಾಗದ, ಚುಕ್ಕೆ" ಎಂದಳು. ಆಮೇಲೆ ನನ್ನ "ಮುಂದೆ"ಗಾಗಿ ಕಾದಳು.

ನನ್ನ ಬಾಯಿಂದ ಹೊರಡಲಿಲ್ಲ. ಹೊರಗೆ ಮಷಿನಿನ ಸದ್ದು. ಕೊನೆಗೆ ಅವಳೇ ಮುಂದಿನ ಪದಕ್ಕೆ ಹೋದಳು.

ಜುಲೈ 10, ಬುಧವಾರ

ಅರ್ಧ ದಿನ ರಜೆ ಕೇಳಿ ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ, ಒಬ್ಬಳೇ. ಗೋಡೆಯ ಮೇಲಿನ ಅಕ್ಷರ ಓದಿ ಎಂದರು. "ಗೋಡೆ ಎಲ್ಲಿದೆ?" ಎಂದೆ. ನಗಲಿಲ್ಲ ಆ ಹುಡುಗಿ.

ಎರಡೂ ಕಣ್ಣಿಗೆ ಪೊರೆ. ಬಲಗಣ್ಣಿನದು ಪೂರ್ತಿ ಹಣ್ಣಾಗಿದೆಯಂತೆ. "ಇಷ್ಟು ದಿನ ಹೇಗೆ ಕೆಲಸ ಮಾಡಿದ್ರಿ? ನಿಮ್ಗೆ ಯಾರೋ ಸಹಾಯ ಮಾಡ್ತಿರ್ಬೇಕು" ಎಂದರು. ಇನ್ನೂ ಬಿಟ್ಟರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗಬಹುದು, ಈ ವಾರವೇ ಆಪರೇಷನ್ ಆಗಬೇಕು, ಆಮೇಲೆ ಕೆಲವು ವಾರ ಓದುವ ಕೆಲಸ ಕೂಡದು. ಫಾರಂ ಇನ್ನೂ ಬಾಕಿಯಿದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಕಣ್ಣಿಗೆ ಹಾಕಿದ ಔಷಧಿಯಿಂದ ದಾರಿಯೇ ಕಾಣದೆ, ಗೋಡೆ ಹಿಡಿದುಕೊಂಡು ಮನೆ ಸೇರಿದೆ. ಚೀಟಿಯಲ್ಲಿ ಏನು ಬರೆದಿದ್ದಾರೆ ಎಂದು ಗಡಿಯಾರದವನ ಕೈಯಲ್ಲೇ ಓದಿಸಬೇಕಾಯಿತು. ಓದಿ ಸುಮ್ಮನಾದ. ಅವನು ಸುಮ್ಮನಾದದ್ದನ್ನು ನಾನು ಕಂಡದ್ದು ಇದೇ ಮೊದಲು.

"ಕೆಳಗೆ ಹೇಳಬೇಡ. ಪುಸ್ತಕ ಮುಗೀಲಿ, ಆಮೇಲೆ ನೋಡೋಣ. ಆಣೆ ಮಾಡು."

ಮಾಡಿದ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದೂ ಒಂದೇ, ಜರಡಿಯಲ್ಲಿ ನೀರು ನಿಲ್ಲುವುದೂ ಒಂದೇ.

ಈ ಸಾಲುಗಳು ಒಂದರ ಮೇಲೊಂದು ಹತ್ತಿವೆಯೋ ಏನೋ. ಕಾಣುತ್ತಿಲ್ಲ, ಅಂದಾಜಿನ ಮೇಲೆ ಬರೆಯುತ್ತಿದ್ದೇನೆ.

ಜುಲೈ 11, ಗುರುವಾರ

ಬೆಳಗ್ಗೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಗಡಿಯಾರದವನದು ಕುಂಟು ಹೆಜ್ಜೆ, ಇದು ಅದಲ್ಲ. ಒಂದು ವರ್ಷವಾಗಿತ್ತು ಅವಳು ಮೇಲೆ ಬಂದು. ಬಾಗಿಲಲ್ಲಿ ಹಳದಿ ಶಾಲು ನಿಂತಿತು.

"ಯಾವಾಗ ಹೋಗೋದು?"

ಹಸ್ತಪ್ರತಿಯಲ್ಲಿಲ್ಲದ ಮಾತು ಅವಳ ಬಾಯಲ್ಲಿ ಕೇಳಿ ನನಗೆ ಗಾಬರಿಯಾಯಿತು. "ಪುಸ್ತಕ ಮುಗೀಲಿ" ಎಂದೆ.

"ಹೋದ ಸಲಾನೂ ಹೀಗೇ ಅಂದೆ." ಅವಳ ಧ್ವನಿ ಏರಲಿಲ್ಲ, ಓದುವ ಧ್ವನಿಯೇ. "ಪ್ರಾಣ ಹೋಗೋ ಹಾಗಿದ್ರೂ ಕರೀಬೇಡ ಅಂದೆ. ನಿನ್ನ ಮಾತು ಮೀರೋಕೆ ಹೆದರಿ ಮಧ್ಯಾಹ್ನದ ತನಕ ಅಮ್ಮನ ಕೈ ಹಿಡ್ಕೊಂಡು ಕೂತೆ. ಆಮೇಲೆ ಕಳ್ಸಿದೆ ಇವರನ್ನ. ಅರ್ಧ ಗಂಟೆ ತಡವಾಯ್ತು. ಆ ಅರ್ಧ ಗಂಟೆ ನನ್ನ ಎದೇಲಿ ದಿನಾ ಓಡ್ತಿದೆ ಅಕ್ಕ. ಹೋದ ಸಲ ನಿನ್ನ ಮಾತು ಕೇಳಿ ಕೆಟ್ಟೆ. ಈ ಸಲ ಕೇಳಲ್ಲ. ನಾಳೆ ಹೋಗ್ತಿದೀವಿ."

"ಕೆಲಸ ಹೋಗತ್ತೆ."

"ಹೋಗ್ಲಿ. ಕಣ್ಣು ಅಂಗಡೀಲಿ ಸಿಗತ್ತಾ?"

"ನನ್ನದೊಂದೇ ಅಲ್ಲ, ನಿನ್ನದೂ ಹೋಗತ್ತೆ ಕಣೇ!"

ಅವಳು ಒಳಗೆ ಬಂದು ನನ್ನ ಮಂಚದ ತುದಿಯಲ್ಲಿ ಕೂತಳು. "ಅಮ್ಮ ಕೊನೇಲಿ ನಿನ್ನನ್ನ ಬೈದಳು, ಗೊತ್ತಾ?" ಎಂದಳು. "ದೊಡ್ಡವಳು ಇನ್ನೂ ಬಂದಿಲ್ವಾ, ಯಾವ ಪುಸ್ತಕದಲ್ಲಿ ಬಿದ್ದಿದಾಳೆ ನೋಡು, ಊಟ ಆರಿ ಹೋಗತ್ತೆ, ಅಂದ್ಲು. ಅಷ್ಟೇ. ಅಳಲಿಲ್ಲ."

ನಾನು ಅತ್ತೆ. ಒಂದು ವರ್ಷದಲ್ಲಿ ಅತ್ತಿರಲಿಲ್ಲ, ಕೋಪ ಮಾಡಿಕೊಂಡೇ ಕಾಲ ಹಾಕಿದ್ದೆ. ಅವಳು ಬೆನ್ನು ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದಳು, ಅಷ್ಟೇ. ಕೆಳಗಿನಿಂದ ಗಡಿಯಾರದವನು "ಏನಾಯ್ತು? ನಾನು ಏನೂ ಹೇಳಿಲ್ಲ!" ಎಂದು ಕೂಗಿದ.

ಇಬ್ಬರೂ ಒಟ್ಟಿಗೆ ಮುದ್ರಣಾಲಯಕ್ಕೆ ಹೋದೆವು. ನಾನೇ ಯಜಮಾನರಿಗೆ ಎಲ್ಲ ಹೇಳಿದೆ, ಕೆಮ್ಮಿನ ಕಥೆ ಸಮೇತ. ಜೂನ್ ತಿಂಗಳ ಹೊಗಳಿಕೆಯೆಲ್ಲ ಇವಳಿಗೆ ಸೇರಬೇಕು ಎಂದೆ. ಅವರು ಉಳಿದ ಹಾಳೆ ಎಣಿಸಿದರು. ಪುಸ್ತಕ ನಿಲ್ಲಿಸಲು ಆಗುವುದಿಲ್ಲ, ಉಳಿದ ಫಾರಂ ತಂಗಿ ನೋಡಲಿ, ಮೇಷ್ಟ್ರು ಓದಲಿ ಎಂದರು. ನನ್ನ ಬಗ್ಗೆ ಕಣ್ಣು ಬಂದ ಮೇಲೆ ಮಾತಾಡೋಣ ಎಂದರು. ಇಡುತ್ತೇನೆ ಅನ್ನಲಿಲ್ಲ, ಬಿಡುತ್ತೇನೆ ಅನ್ನಲಿಲ್ಲ.

ಕೆಂಪು ಪೆನ್ನನ್ನು ಅವಳ ಕಡೆ ಸರಿಸಿದೆ. ಇಪ್ಪತ್ತಾರು ವರ್ಷದಲ್ಲಿ ಬೇರೆಯವರ ಕೈಗೆ ಕೊಟ್ಟಿರಲಿಲ್ಲ.

ಜುಲೈ 19, ಶುಕ್ರವಾರ

ಮಾತು ನನ್ನದು, ಕೈ ತಂಗಿಯದು. ಬಲಗಣ್ಣಿನ ಆಪರೇಷನ್ ಆಗಿ ವಾರವಾಯಿತು. ಓದಬೇಡಿ, ಬರೆಯಬೇಡಿ, ಬಗ್ಗಬೇಡಿ ಎಂದು ಡಾಕ್ಟರಮ್ಮನ ಅಪ್ಪಣೆ. ಸುಮ್ಮನೆ ಕೂರಬೇಕಂತೆ. ಸುಮ್ಮನೆ ಕೂರುವುದನ್ನು ನಮ್ಮ ವಂಶದಲ್ಲಿ ಯಾರಿಗೂ ಕಲಿಸಿಲ್ಲ. ಅದಕ್ಕೇ ಇವಳನ್ನು ಕರೆದು ನೋಟ್‌ಬುಕ್ಕು ಕೊಟ್ಟು ಬರಿ ಎಂದೆ. ಹಿಂದಿನ ಪುಟ ನೋಡಬಾರದು ಎಂದು ಆಣೆ ಹಾಕಿಸಿದೆ.

ಆಣೆ ಹಾಕಲಿಲ್ಲ, ಹೂಂ ಅಂದೆ ಅಷ್ಟೇ, ಎನ್ನುತ್ತಿದ್ದಾಳೆ. ನಾನು ಹೇಳಿದ್ದನ್ನು ಬರೆಯುವುದು ಬಿಟ್ಟು ತಿದ್ದಲು ಹೊರಟಿದ್ದಾಳೆ. ಕೆಂಪು ಪೆನ್ನು ಕೊಟ್ಟದ್ದೇ ತಪ್ಪಾಯಿತು.

ಪಟ್ಟಿ ಬಿಚ್ಚಿದ ದಿನ ಮೊದಲು ಕಂಡದ್ದು ಇವಳ ಮುಖ. ತಲೆ ಇಷ್ಟು ನರೆತಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಯಾವಾಗ ನರೆಯಿತೇ ಎಂದು ಕೇಳಿದೆ. ಹೋದ ವರ್ಷ ಎಂದಳು.

ಒಲೆ ಈಗ ಒಂದೇ. ನಾನು ಬಗ್ಗಬಾರದು ಎಂಬ ನೆಪ. ಎರಡನೆಯ ಒಲೆಯನ್ನು ಗಡಿಯಾರದವನು ಒರೆಸಿ ಮಂಚದ ಕೆಳಗೆ ಇಟ್ಟಿದ್ದಾನೆ, ಬೇಕಾದರೆ ತೆಗೆಯಬಹುದು ಎಂದು. ಮೆಟ್ಟಿಲ ಬಿಳಿ ಬಣ್ಣ ಮಾತ್ರ ಇರಲಿ ಎಂದಿದ್ದೇನೆ.

ಪುಸ್ತಕದ ಕೊನೆಯ ಫಾರಂ ಇಂದು ಅಚ್ಚಿಗೆ ಹೋಯಿತು. ಮೇಷ್ಟ್ರು ಮೂರು ಸಲ ಹುಡುಕಿದರೂ ತಪ್ಪು ಸಿಗಲಿಲ್ಲವಂತೆ. ಇವಳು ಹೇಳುವುದಿಲ್ಲ, ಅವರೇ ಬಂದು ಹೇಳಿಹೋದರು. ಇವಳ ಕೆಲಸ ಉಳಿಯಿತು. ನನ್ನದು ಗೊತ್ತಿಲ್ಲ. ಎಡಗಣ್ಣು ಮುಂದಿನ ತಿಂಗಳು. ಅದೂ ಆದ ಮೇಲೆ ಯಜಮಾನರ ಎದುರು ಹೋಗಿ ನಿಲ್ಲುತ್ತೇನೆ, ಬೇಡವೆಂದರೆ ಬರುತ್ತೇನೆ. ಅಲ್ಲಿಯವರೆಗೆ ಪರ್ಟರ್ಬೇಷನ್, ಮನಸ್ಸಿನ ಕಳವಳ, ಚುಕ್ಕೆ. ಈಗ ಸರಿಯಾದ ಸಾಲಿಗೆ ಸರಿಯಾದ ಅರ್ಥ ಬಂದು ಕೂತಿದೆಯಲ್ಲ, ಅದು ಸಾಕು.

ಹೇಳುವುದು ಮುಗಿಯಿತೇ ಎಂದು ಕೇಳುತ್ತಿದ್ದಾಳೆ. ಮುಗಿದಿಲ್ಲ. ಮುಗಿಯಬೇಕಾದದ್ದು ಹಿಂದಿನ ಪುಟಗಳಲ್ಲಿದೆ, ನನ್ನ ಬಾಯಲ್ಲಿ ಬರುವುದಿಲ್ಲ. ಅದಕ್ಕೇ ಈಗ ಹೇಳಿದೆ: "ಮೊದಲನೇ ಪುಟದಿಂದ ಓದು. ಗಟ್ಟಿಯಾಗಿ."

"ನೋಡಬಾರ್ದು ಅಂದ್ಯಲ್ಲ?"

"ಈಗ ಅಂತಿದೀನಿ, ಓದು."

"ತುಂಬಾ ಬೈದಿದೀಯಾ ನನ್ನ?"

"ಬೈದಿದೀನಿ. ಒಂದನ್ನೂ ಬಿಡಬೇಡ, ಕಾಮಾ ಸಮೇತ ಓದು. ನಾನು ಎಲ್ಲೆಲ್ಲಿ ತಪ್ಪಿದೀನೋ ಅಲ್ಲಲ್ಲಿ ಕೆಮ್ಮು."

ಪುಟ ತಿರುವಿದಳು. ಜೂನ್ ಮೂರು, ಕಾಮಾ, ಸೋಮವಾರ ಎಂದಳು. "ತಪ್ಪೆಲ್ಲ ಹೊಸ ಟ್ಯೂಬ್‌ಲೈಟಿನದು, ಚುಕ್ಕೆ" ಎಂದು ಓದಿದಳು.

ಮೊದಲನೆಯ ಸಾಲಿಗೇ ಕೆಮ್ಮಿದಳು. ಅದನ್ನೂ ಬರಿ ಎಂದೆ. ಬರೆದಳು.

ಮುಂದೆ, ಎಂದೆ.